ಕೆಲಸ ಹೊತ್ತವರಿಗೆ ತಾನಾಗಿ ಮೇಲ್ ಕಳಿಸುವ ವಿಕಿ: ಸೆಮ್ಯಾಂಟಿಕ್ ಟಾಸ್ಕ್ಸ್ ಬಗ್ಗೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಂಡ ಮೀಡಿಯಾವಿಕಿಯಲ್ಲಿ (ವಿಕಿಪೀಡಿಯ ನಡೆಯೋದು ಇದೇ ತಂತ್ರಾಂಶದ ಮೇಲೆ) ಕೆಲಸಗಳ ಪುಟಗಳನ್ನು ಇಟ್ಟುಕೊಂಡಿದ್ದು, ಪುಟ ಬದಲಾದಾಗಲೆಲ್ಲ ಯಾರಾದರೂ ಒಬ್ಬರು "ಆ ಪುಟ ತಿದ್ದಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ" ಅಂತ ಚಾಟ್‌ನಲ್ಲಿ ಹೇಳಿಕೊಂಡು ತಿರುಗುತ್ತಿದ್ದರೆ, ಸೆಮ್ಯಾಂಟಿಕ್ ಟಾಸ್ಕ್ಸ್ ಅನ್ನೋ ಈ ಎಕ್ಸ್‌ಟೆನ್ಶನ್ (ಮೀಡಿಯಾವಿಕಿಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ಇದು ಮುಖ್ಯವಾಗಿ ಮಾಡೋದು ಒಂದೇ ಕೆಲಸ, ಅದನ್ನು ಸರಿಯಾಗಿ ಮಾಡುತ್ತದೆ. ಪುಟದಲ್ಲಿ ಯಾರ ಹೆಸರಿಗೆ ಕೆಲಸ ಬರೆದಿದೆಯೋ ಅವರಿಗೆ, ಪುಟ ಉಳಿಸಿದ ಕೂಡಲೇ ಮೇಲ್ ಹೋಗುತ್ತದೆ. ಆದರೆ ಅದರ ಸುತ್ತ ಕಿರಿಕಿರಿಗಳೂ ಬೇಕಾದಷ್ಟಿವೆ, ಈ ಬರಹದಲ್ಲಿ ಹೆಚ್ಚಿನ ಜಾಗ ಅವಕ್ಕೇ ಹೋಗಿದೆ.

"ವಿಕಿಯಲ್ಲಿ ವೀಕ್ಷಣಾಪಟ್ಟಿ ಇದೆಯಲ್ಲ, ಇನ್ನೊಂದು ಎಕ್ಸ್‌ಟೆನ್ಶನ್ ಯಾಕೆ?" ಅಂತ ಕೇಳುವವರು ಜಾಸ್ತಿ. ಸರಿಯಾದ ಪ್ರಶ್ನೆನೇ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ತೆರೆದಾಗ ಯಾರು ಏನು ತಿದ್ದಿದರು ಅಂತ ತಿಳಿಯೋಕೆ ಇದ್ದದ್ದು ಇತ್ತೀಚಿನ ಬದಲಾವಣೆಗಳ ಪುಟ. ದಿನಕ್ಕೊಮ್ಮೆ ಬಂದು ಅದರ ಮೇಲೆ ಕಣ್ಣಾಡಿಸಿದರೆ ಆಯಿತು. ಪುಟಗಳು ಹೆಚ್ಚಾದ ಮೇಲೆ ವೀಕ್ಷಣಾಪಟ್ಟಿ ಬಂತು. ನಕ್ಷತ್ರದ ಗುರುತು ಒತ್ತಿ, ಆ ಪುಟ ನಿಮ್ಮ ಪಟ್ಟಿಗೆ ಸೇರುತ್ತದೆ. ಗಮನಿಸಿ, ಇಲ್ಲಿ ಆಯ್ಕೆ ಮಾಡುವವರು ನೀವು. ಕೆಲಸ ವಹಿಸೋದು ಹಾಗಲ್ಲ, ಅಲ್ಲಿ ನಿಮ್ಮ ಹೆಸರು ಬರೆಯುವವರು ಬೇರೆಯವರು. ಯಾರೋ ಒಂದು ಪುಟದಲ್ಲಿ ನಿಮ್ಮ ಹೆಸರು ಹಾಕಿ ಉಳಿಸಿದ ಕ್ಷಣದಲ್ಲಿ ಆ ಪುಟ ಇದೆ ಅಂತಲೇ ನಿಮಗೆ ಗೊತ್ತಿರುವುದಿಲ್ಲ. ಇನ್ನು ನಕ್ಷತ್ರ ಒತ್ತೋದೆಲ್ಲಿ? ವೀಕ್ಷಣಾಪಟ್ಟಿ ಕುತೂಹಲ ಇರುವವರಿಗೆ ಮಾಡಿದ್ದು, ಜವಾಬ್ದಾರಿ ಹೊತ್ತವರಿಗೆ ಅಲ್ಲ.

ಅದರ ಮೇಲ್ ಕಳಿಸುವ ರೀತಿ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ವೀಕ್ಷಣಾಪಟ್ಟಿಯ ಪುಟ ಬದಲಾದರೆ ಮೀಡಿಯಾವಿಕಿ ಒಂದು ಮೇಲ್ ಕಳಿಸುತ್ತದೆ. ಆಮೇಲೆ ನೀವು ಲಾಗಿನ್ ಆಗಿ ಆ ಪುಟ ತೆರೆದು ನೋಡುವ ತನಕ ಅದೇ ಪುಟದ ಬಗ್ಗೆ ಇನ್ನೊಂದು ಮೇಲ್ ಬರುವುದಿಲ್ಲ. ಸೋಮವಾರ ಯಾರೋ ಪುಟದಲ್ಲಿ ಒಂದು ಕಾಗುಣಿತ ತಿದ್ದುತ್ತಾರೆ, ಮೇಲ್ ಬರುತ್ತದೆ, ಇದೇನು ದೊಡ್ಡ ವಿಷಯ ಅಂತ ನೀವು ತೆರೆಯುವುದಿಲ್ಲ. ಬುಧವಾರ ಇನ್ನೊಬ್ಬರು ಬಂದು ಗಡುವನ್ನು ಒಂದು ವಾರ ಹಿಂದಕ್ಕೆ ಎಳೆಯುತ್ತಾರೆ. ಈಗ ಮೇಲ್ ಇಲ್ಲ! ವಿಕಿಯ ಲೆಕ್ಕದಲ್ಲಿ ನಿಮಗೆ ಆಗಲೇ ಹೇಳಿಯಾಗಿದೆ. ನೂರಾರು ಪುಟ ಪಟ್ಟಿಯಲ್ಲಿಟ್ಟುಕೊಂಡ ಸಂಪಾದಕರಿಗೆ ಇದು ಉಪಕಾರವೇ, ಇಲ್ಲದಿದ್ದರೆ ಇನ್‌ಬಾಕ್ಸ್ ತುಂಬಿ ಹೋಗುತ್ತಿತ್ತು. ಕೆಲಸ ಮುಗಿಸಿಕೊಡಬೇಕಾದವರಿಗೆ ಮಾತ್ರ ಇದು ಕೈಕೊಡುವ ವ್ಯವಸ್ಥೆ. ಇನ್ನೊಂದು ಮಾತು, ಆ ಮೇಲ್‌ನಲ್ಲಿ ತಿದ್ದಿದವರ ಹೆಸರು, ಸಂಪಾದನೆಯ ಸಾರಾಂಶ, ವ್ಯತ್ಯಾಸ ನೋಡೋಕೆ ಕೊಂಡಿ ಇರುತ್ತವೆ. ವ್ಯತ್ಯಾಸ ಏನು ಅನ್ನೋದು ಮೇಲ್‌ನಲ್ಲಿ ಇರುವುದಿಲ್ಲ.

ಎಕೋ ಅನ್ನೋ ಎಕ್ಸ್‌ಟೆನ್ಶನ್ ಇನ್ನೊಂದು ದಾರಿ. ಇಂಗ್ಲಿಷ್ ವಿಕಿಪೀಡಿಯಕ್ಕೆ ಇದು 2013ರಲ್ಲಿ ಬಂತು, ಮೇಲ್ತುದಿಯಲ್ಲಿ ಗಂಟೆ ಗುರುತು ಕಾಣುತ್ತದಲ್ಲ, ಅದೇ. ಯಾರದ್ದಾದರೂ ಸದಸ್ಯ ಪುಟಕ್ಕೆ ಕೊಂಡಿ ಕೊಟ್ಟು, ಅದೇ ಸಂಪಾದನೆಯಲ್ಲಿ ನಾಲ್ಕು ಟಿಲ್ಡ (~~~~) ಹಾಕಿ ಸಹಿ ಮಾಡಿದರೆ ಅವರಿಗೆ ಸೂಚನೆ ಹೋಗುತ್ತದೆ. ಸಹಿ ಮರೆತು, ಆಮೇಲೆ ಬಂದು ಸಹಿಯನ್ನಷ್ಟೇ ಸೇರಿಸಿದರೆ ಹೋಗಲ್ಲ. ಚರ್ಚೆ ಪುಟಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ಕೆಲಸದ ಪುಟದಲ್ಲಿ ಫಾರ್ಮ್ ತುಂಬಿಸಿ ಉಳಿಸುವಾಗ ಸಹಿ ಎಲ್ಲಿಂದ ಬರಬೇಕು?

ಹಾಗಾಗಿ ಸೆಮ್ಯಾಂಟಿಕ್ ಟಾಸ್ಕ್ಸ್. ಇದು ಸುಮ್ನೆ ಒಂದೇ ಹಾಕಿಕೊಂಡರೆ ನಡೆಯುವ ವಸ್ತುವಲ್ಲ, ಕೆಳಗೆ ಸೆಮ್ಯಾಂಟಿಕ್ ಮೀಡಿಯಾವಿಕಿ ಇರಬೇಕು. ಅದು 2005ರಿಂದ ಇರುವ ಹಳೆಯ, ಗಟ್ಟಿ ಯೋಜನೆ. ಪುಟದೊಳಗಿನ ಮಾಹಿತಿಗೆ ಹೆಸರು ಕೊಟ್ಟು (ಈ ಹೆಸರಿಗೆ ಗುಣ ಅಂತಾರೆ), ಆಮೇಲೆ ಡೇಟಾಬೇಸ್ ಕೇಳಿದ ಹಾಗೆ ಕೇಳಲು ಬಿಡುತ್ತದೆ. ಕೆಲಸದ ಪುಟದಲ್ಲಿ "ಅಸೈನ್ಡ್ ಟು" ಅನ್ನೋ ಗುಣದ ಎದುರು ಸದಸ್ಯರ ಹೆಸರು, "ಟಾರ್ಗೆಟ್ ಡೇಟ್" ಎದುರು ಗಡುವು, "ಸ್ಟೇಟಸ್" ಎದುರು ಕೆಲಸ ಎಲ್ಲಿಗೆ ಬಂತು ಅನ್ನೋದು. "ಕಾರ್ಬನ್ ಕಾಪಿ" ಎದುರು ಇನ್ಯಾರಿಗೆ ಗೊತ್ತಾಗಬೇಕೋ ಅವರ ಹೆಸರು. ಪುಟ ಉಳಿಸಿದಾಗ ಎಕ್ಸ್‌ಟೆನ್ಶನ್ ಈ ಗುಣಗಳನ್ನು ಓದುತ್ತದೆ. ಹೊಸದಾಗಿ ಹೆಸರು ಸೇರಿದವರಿಗೆ "ಕೆಲಸ ನಿಮ್ಮ ಪಾಲಿಗೆ ಬಂದಿದೆ" ಅಂತ ಒಂದು ಮೇಲ್, ಮೊದಲೇ ಇದ್ದವರಿಗೆ "ಪುಟ ಬದಲಾಗಿದೆ" ಅಂತ ಇನ್ನೊಂದು. ಯಾರೂ ಚಂದಾದಾರರಾಗಬೇಕಾಗಿಲ್ಲ, ನಕ್ಷತ್ರ ಒತ್ತಬೇಕಾಗಿಲ್ಲ. ಹೆಸರು ಪುಟದಲ್ಲಿದ್ದರೆ ಸುದ್ದಿ ಬರುತ್ತದೆ. ಹೆಸರು ತೆಗೆದಾಗಲೂ ತಿಳಿಸೋಕೆ ಒಂದು ಸೆಟ್ಟಿಂಗ್ ಇದೆ, ಅದನ್ನು ದಯವಿಟ್ಟು ಆನ್ ಮಾಡಿಕೊಳ್ಳಿ. ತನ್ನ ಪಾಲಿನ ಕೆಲಸ ಬೇರೆಯವರಿಗೆ ಹೋಗಿದೆ ಅಂತ ತಿಳಿಯದೆ ಅದನ್ನೇ ಮಾಡುತ್ತ ಕೂತಿರೋದು ಮೇಲ್ ಬಾರದ್ದಕ್ಕಿಂತ ದೊಡ್ಡ ಅನ್ಯಾಯ.

ನನಗೆ ತುಂಬ ಹಿಡಿಸಿದ್ದು ಮೇಲ್‌ನ ಒಳಗೆ ಇರುವುದು. ಪುಟದ ಕೊಂಡಿ ಇರುತ್ತದೆ, ಅದರ ಕೆಳಗೆ ಏನು ಬದಲಾಯಿತು ಅನ್ನೋದು ಸಾಲು ಸಾಲಾಗಿ ಇರುತ್ತದೆ. ಉದಾಹರಣೆಗೆ "ಬ್ಯಾಕಪ್ ಮರಳಿ ತರುವ ಪರೀಕ್ಷೆ" ಅಂತ ಒಂದು ಪುಟ ಅಂದುಕೊಳ್ಳಿ. ಗಡುವು 28 ಇದ್ದದ್ದು 21 ಆಗಿದೆ. ಮೇಲ್‌ನಲ್ಲಿ ಮೈನಸ್ ಚಿಹ್ನೆಯ ಎದುರು ಹಳೆಯ ಸಾಲು, ಪ್ಲಸ್ ಚಿಹ್ನೆಯ ಎದುರು ಹೊಸ ಸಾಲು. ಫೋನ್‌ನಲ್ಲೇ ನೋಡಿ, ಸರಿ, ಒಂದು ವಾರ ಹೋಯಿತು ಅಂತ ಗೊತ್ತಾಗುತ್ತದೆ. ವಿಕಿ ತೆರೆಯಬೇಕಾಗಿಲ್ಲ, ಪಾಸ್‌ವರ್ಡ್ ನೆನಪಿಸಿಕೊಳ್ಳಬೇಕಾಗಿಲ್ಲ. ನನ್ನ ಪ್ರಕಾರ ಇಡೀ ಎಕ್ಸ್‌ಟೆನ್ಶನ್‌ನ ಬೆಲೆ ಇರೋದು ಈ ಎರಡು ಸಾಲುಗಳಲ್ಲಿ. "ಪುಟ ಬದಲಾಗಿದೆ, ಹೋಗಿ ನೋಡಿ" ಅಂತಷ್ಟೇ ಹೇಳುವ ಮೇಲ್‌ಗಳನ್ನು ಜನ ಬೇಗ ಅಳಿಸೋಕೆ ಕಲಿಯುತ್ತಾರೆ.

ಇದರಲ್ಲೂ ಒಂದು ತೊಡಕಿದೆ. ಈ ವ್ಯತ್ಯಾಸ ಹೋಲಿಸೋದು ಸಾಲು ಸಾಲಾಗಿ. ವಿಕಿ ಬರಹದಲ್ಲಿ ಒಂದು ಪ್ಯಾರಾ ಅಂದರೆ ಒಂದೇ ಸಾಲು, ಪರದೆಯ ಮೇಲೆ ಅದು ಎಷ್ಟೇ ಉದ್ದ ಮಡಚಿಕೊಂಡು ಕಾಣಲಿ. ಹಾಗಾಗಿ ದೊಡ್ಡ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ತೆಗೆದರೂ ಮೇಲ್‌ನಲ್ಲಿ ಇಡೀ ಪ್ಯಾರಾ ಎರಡು ಸಲ ಬರುತ್ತದೆ, ಒಮ್ಮೆ ಮೈನಸ್ ಹಾಕಿಕೊಂಡು, ಒಮ್ಮೆ ಪ್ಲಸ್ ಹಾಕಿಕೊಂಡು. ವ್ಯತ್ಯಾಸ ಎಲ್ಲಿದೆ ಅಂತ ಹುಡುಕೋದು ನಿಮ್ಮ ಪಾಡು. ವಿಕಿಯ ಪುಟದಲ್ಲಿ ಇದೇ ವ್ಯತ್ಯಾಸ ನೋಡಿದರೆ ಬದಲಾದ ಪದಕ್ಕೆ ಬಣ್ಣ ಹಾಕಿ ತೋರಿಸುತ್ತದೆ, ಸಾದಾ ಮೇಲ್‌ನಲ್ಲಿ ಬಣ್ಣ ಎಲ್ಲಿಂದ ಬರಬೇಕು. ಜೊತೆಗೆ ಅಲ್ಲಲ್ಲಿ ಎರಡು ಆ್ಯಟ್ ಚಿಹ್ನೆಗಳ ನಡುವೆ ಸಾಲಿನ ಸಂಖ್ಯೆಗಳು. ಪ್ರೋಗ್ರಾಮ್ ಬರೆಯುವವರಿಗೆ ಇದು ರೂಢಿ, ಉಳಿದವರು ಏನೋ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಪರಿಹಾರ ಸುಲಭ. ಕೆಲಸದ ಪುಟಕ್ಕೆ ಒಂದು ಟೆಂಪ್ಲೇಟು (ಸಿದ್ಧ ಅಚ್ಚು) ಮಾಡಿ, ಗಡುವು, ಹೆಸರು, ಸ್ಥಿತಿ ಇವನ್ನೆಲ್ಲ ಒಂದೊಂದು ಸಾಲಿಗೆ ಒಂದರಂತೆ ಇಡಿ. ವಿವರಣೆಯನ್ನೂ ಉದ್ದ ಪ್ಯಾರಾದ ಬದಲು ಸಣ್ಣ ಸಣ್ಣ ಅಂಶಗಳಾಗಿ ಒಡೆದು ಬರೆಯಿರಿ. ಮೇಲ್ ಕೂಡಲೇ ಓದುವಂತಾಗುತ್ತದೆ.

ಈಗ ತಲೆನೋವಿನ ವಿಷಯಕ್ಕೆ ಬರೋಣ. ಒಂದು ಸಲ ಉಳಿಸಿದರೆ ಒಂದು ಮೇಲ್. ನಮ್ಮಲ್ಲಿ ಕೆಲವರು ಒಂದು ವಾಕ್ಯ ಬರೆದು ಉಳಿಸುತ್ತಾರೆ, ಓದಿ ನೋಡುತ್ತಾರೆ, ಒತ್ತಕ್ಷರ ತಪ್ಪಿತು ಅಂತ ತಿದ್ದಿ ಮತ್ತೆ ಉಳಿಸುತ್ತಾರೆ, ಇನ್ನೊಂದು ವಾಕ್ಯ ನೆನಪಾಗಿ ಮತ್ತೆ. ಮೊದಲೆಲ್ಲ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪುಟದ ಇತಿಹಾಸ ಸ್ವಲ್ಪ ಉದ್ದ ಆಗುತ್ತಿತ್ತು ಅಷ್ಟೆ. ಈಗ ಆ ಪುಟದಲ್ಲಿ ಹೆಸರಿರುವ ಎಲ್ಲರ ಫೋನೂ ಟಿಂಗ್ ಟಿಂಗ್ ಅನ್ನುತ್ತದೆ. ಕೆಲವು ನಿಮಿಷ ಕಾದು, ಅಷ್ಟರಲ್ಲಿ ಆದ ಬದಲಾವಣೆಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಮೇಲ್ ಕಳಿಸುವ ಏರ್ಪಾಡು ಇದರಲ್ಲಿ ಇಲ್ಲ. ಎಕ್ಸ್‌ವಿಕಿ ಅನ್ನೋ ಇನ್ನೊಂದು ವಿಕಿ ತಂತ್ರಾಂಶದಲ್ಲಿ ಅಂಥ ಬಿಡುವು ಇದೆ, ಬೇಕಾದರೆ ಗಂಟೆಗೊಮ್ಮೆ, ದಿನಕ್ಕೊಮ್ಮೆ, ವಾರಕ್ಕೊಮ್ಮೆ ಒಟ್ಟಿಗೆ ಕಳಿಸು ಅಂತಲೂ ಹೇಳಬಹುದು. ಡೋಕುವಿಕಿ ಅನ್ನೋ ಮತ್ತೊಂದೂ ಪ್ರತಿ ಬದಲಾವಣೆಗೆ ಮೇಲ್ ಬೇಕೋ, ದಿನದ ಸಾರ ಸಾಕೋ, ಬದಲಾದ ಪುಟಗಳ ಪಟ್ಟಿ ಸಾಕೋ ಅಂತ ಕೇಳುತ್ತದೆ. ಇಲ್ಲಿ ಮಾತ್ರ ನಾವೇ ಶಿಸ್ತು ಕಲಿಯಬೇಕು. ಉಳಿಸುವ ಮುಂಚೆ ಮುನ್ನೋಟ ನೋಡಿ ಅಂತ ಎಲ್ಲರಿಗೂ ಹೇಳೋದು, ಹೇಳುತ್ತಲೇ ಇರೋದು.

ಅಥವಾ "ಇದು ಚುಟುಕಾದ ಬದಲಾವಣೆ" ಅನ್ನೋ ಚೌಕದಲ್ಲಿ ಟಿಕ್ ಹಾಕೋದು. ಟಿಕ್ ಹಾಕಿ ಉಳಿಸಿದರೆ ಈ ಎಕ್ಸ್‌ಟೆನ್ಶನ್ ಸುಮ್ಮನಿರುತ್ತದೆ. ಕಾಗುಣಿತ ತಿದ್ದುವಾಗ, ಮುರಿದ ಕೊಂಡಿ ಸರಿಪಡಿಸುವಾಗ ಇದು ವರ. ಆದರೆ ಈ ಚೌಕದ ರುಚಿ ಹತ್ತಿದ ಮೇಲೆ ಜನ ಎಲ್ಲದಕ್ಕೂ ಟಿಕ್ ಹಾಕತೊಡಗುತ್ತಾರೆ, ಪಾಪ, ಬೇರೆಯವರಿಗೆ ತೊಂದರೆ ಬೇಡ ಅನ್ನೋ ಒಳ್ಳೆ ಉದ್ದೇಶದಿಂದಲೇ. ಒಂದು ದಿನ ಗಡುವು ಬದಲಾಯಿಸಿದವರೂ ಟಿಕ್ ಹಾಕಿರುತ್ತಾರೆ. ಯಾರಿಗೂ ಮೇಲ್ ಇಲ್ಲ, ಪುಟ ಮಾತ್ರ ಬದಲಾಗಿದೆ, ಮೇಲ್ ಬರುತ್ತದೆ ಅಂತ ನಂಬಿ ಎಲ್ಲರೂ ಪುಟ ನೋಡೋದನ್ನೇ ಬಿಟ್ಟಿದ್ದಾರೆ. ಸೂಚನೆ ಇಲ್ಲದ ಕಾಲಕ್ಕಿಂತ ಇದು ಕಷ್ಟ, ಯಾಕೆಂದರೆ ಆಗ ಕನಿಷ್ಠ ಅನುಮಾನವಾದರೂ ಇರುತ್ತಿತ್ತು. ಹೆಸರು, ಗಡುವು, ಸ್ಥಿತಿ, ಕೆಲಸದ ವ್ಯಾಪ್ತಿ, ಈ ನಾಲ್ಕರಲ್ಲಿ ಯಾವುದನ್ನು ಮುಟ್ಟಿದರೂ ಅದು ಚುಟುಕಲ್ಲ ಅಂತ ತಂಡದಲ್ಲಿ ಒಂದು ಮಾತು ಆಗಿರಲಿ. ಬಿಗಿ ಬೇಕಂದರೆ ಕೆಲಸದ ಫಾರ್ಮ್‌ನಿಂದ ಆ ಚೌಕವನ್ನೇ ತೆಗೆದುಬಿಡಬಹುದು, ಫಾರ್ಮ್ ತುಂಬಿಸಿ ಪುಟ ಬರೆಯಲು ಬಿಡುವ ಪೇಜ್ ಫಾರ್ಮ್ಸ್ ಎಕ್ಸ್‌ಟೆನ್ಶನ್ ಬಳಸುತ್ತಿದ್ದರೆ ಫಾರ್ಮ್‌ನಲ್ಲಿ ಯಾವ ಗುಂಡಿ, ಯಾವ ಚೌಕ ಇರಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ. ನಾನು ತೆಗೆಯಿರಿ ಅಂತಲೇ ಹೇಳುತ್ತೇನೆ. ಚುಟುಕಾಗಿ ತಿದ್ದಬೇಕಾದವರು ಮೂಲ ಸಂಪಾದನೆ ಪುಟಕ್ಕೆ ಹೋಗಿ ತಿದ್ದಲಿ, ಆ ಒಂದು ಕ್ಲಿಕ್‌ನ ಶ್ರಮ ಯೋಚನೆ ಮಾಡಿಸುತ್ತದೆ.

ಪೇಜ್ ಫಾರ್ಮ್ಸ್ ಮಾತು ಬಂತು ಅಂತ ಇನ್ನೊಂದು. ಹೆಸರನ್ನು ಕೈಯಿಂದ ಟೈಪ್ ಮಾಡೋಕೆ ಬಿಡಬೇಡಿ. ಮೀಡಿಯಾವಿಕಿಯಲ್ಲಿ ಬಳಕೆದಾರರ ಹೆಸರಿನ ಮೊದಲ ಅಕ್ಷರ ಬಿಟ್ಟು ಉಳಿದ ಕಡೆ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಒಂದು ಅಕ್ಷರ ಆಚೀಚೆ ಆದರೆ ಅಂಥ ಸದಸ್ಯರೇ ಇಲ್ಲ, ಮೇಲ್ ಹೋಗುವುದೂ ಇಲ್ಲ. ಪುಟದಲ್ಲಿ ಆ ಹೆಸರು ಕೆಂಪು ಕೊಂಡಿಯಾಗಿ ಕಾಣುತ್ತದೆ, ಆದರೆ ಸದಸ್ಯ ಪುಟ ಬರೆದುಕೊಳ್ಳದ ನಿಜವಾದ ಸದಸ್ಯರ ಹೆಸರೂ ಕೆಂಪಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಫಾರ್ಮ್‌ನಲ್ಲಿ ಹೆಸರುಗಳು ತಾವಾಗಿ ಮೂಡುವ ಹಾಗೆ ಮಾಡಬಹುದು. "ಸದಸ್ಯ" ನಾಮವರ್ಗದ (ಹೆಸರು "ಸದಸ್ಯ:" ಅಂತ ಶುರುವಾಗುವ ಪುಟಗಳ ಗುಂಪು) ಪುಟಗಳಿಂದ ಹೆಸರು ತಗೋ ಅಂತ ಹೇಳಿದರೆ ಸಾಕು. ಇಲ್ಲೂ ಒಂದು ಗಂಟಿದೆ ನೋಡಿ, ಪಟ್ಟಿಯಲ್ಲಿ ಬರೋದು ಸದಸ್ಯ ಪುಟ ಇರುವವರು ಮಾತ್ರ. ಖಾತೆ ತೆರೆದು ಪುಟ ಬರೆಯದ ಹೊಸಬರು ಕಾಣುವುದೇ ಇಲ್ಲ. ಖಾತೆ ಮಾಡಿಕೊಟ್ಟವರೇ ಒಂದು ಸಾಲು ಬರೆದು ಆ ಪುಟವನ್ನೂ ತೆರೆದುಕೊಟ್ಟರೆ ಕಿರಿಕಿರಿ ತಪ್ಪುತ್ತದೆ.

ಮೇಲ್ ಹೋಗದೇ ಇರುವ ಜಾಗಗಳು ಇನ್ನೂ ಇವೆ, ಇವು ಈ ಎಕ್ಸ್‌ಟೆನ್ಶನ್‌ನ ತಪ್ಪು ಅನ್ನೋದಕ್ಕಿಂತ ವಿಕಿಯ ಸ್ವಭಾವ. ಕೆಲಸದ ಪುಟದೊಳಗೆ ಬೇರೆ ಪುಟವನ್ನು ಟೆಂಪ್ಲೇಟಿನ ಹಾಗೆ ಎಳೆದುಕೊಂಡು ತೋರಿಸುತ್ತಿದ್ದೀರಿ ಅಂದುಕೊಳ್ಳಿ, ಉದಾಹರಣೆಗೆ ಎಲ್ಲ ಕೆಲಸಗಳಿಗೂ ಬೇಕಾದ ಒಂದು ತಪಾಸಣೆ ಪಟ್ಟಿ. ಆ ಪಟ್ಟಿ ಬದಲಾದರೆ ಓದುವವರ ಕಣ್ಣಿಗೆ ಕೆಲಸದ ಪುಟವೇ ಬದಲಾದ ಹಾಗೆ ಕಾಣುತ್ತದೆ. ವಿಕಿಯ ಲೆಕ್ಕದಲ್ಲಿ ಕೆಲಸದ ಪುಟಕ್ಕೆ ಹೊಸ ಆವೃತ್ತಿ ಬಂದಿಲ್ಲ, ಯಾರೂ ಅದನ್ನು ಉಳಿಸಿಲ್ಲ, ಆದ್ದರಿಂದ ಸೂಚನೆ ಇಲ್ಲ. ಚರ್ಚೆ ಪುಟವೂ ಹಾಗೇ. ನಿಜವಾದ ಮಾತುಕತೆ ಎಲ್ಲ ಅಲ್ಲೇ ನಡೆಯೋದು ಅಲ್ವಾ, "ಇದನ್ನು ಹೀಗೆ ಮಾಡೋಣವಾ" "ಬೇಡ ಬಿಡಿ" ಅಂತೆಲ್ಲ. ಆದರೆ ಚರ್ಚೆ ಪುಟ ಬೇರೆಯೇ ಪುಟ, ಅದರಲ್ಲಿ "ಅಸೈನ್ಡ್ ಟು" ಇರುವುದಿಲ್ಲ. ಇಲ್ಲಿ ಮಾತ್ರ ಹಳೆಯ ವೀಕ್ಷಣಾಪಟ್ಟಿ ಗೆಲ್ಲುತ್ತದೆ, ಒಂದು ನಕ್ಷತ್ರ ಒತ್ತಿದರೆ ಪುಟ ಮತ್ತು ಅದರ ಚರ್ಚೆ ಎರಡೂ ಪಟ್ಟಿಗೆ ಬರುತ್ತವೆ. ನಾನು ಮೂರನ್ನೂ ಇಟ್ಟುಕೊಳ್ಳಿ ಅನ್ನುವ ಪಕ್ಷ. ಕೆಲಸದ ಪುಟಕ್ಕೆ ಸೆಮ್ಯಾಂಟಿಕ್ ಟಾಸ್ಕ್ಸ್, ಚರ್ಚೆಗೆ ಎಕೋ, ಕುತೂಹಲಕ್ಕೆ ವೀಕ್ಷಣಾಪಟ್ಟಿ.

ಹಾಕಿಕೊಳ್ಳೋದು ಎಷ್ಟು ಕಷ್ಟ ಅಂತ ಕೇಳಿದರೆ, ಸರ್ವರ್ ನಿಮ್ಮ ಕೈಯಲ್ಲಿದ್ದರೆ ಕಷ್ಟವಲ್ಲ, ಬೇರೆಯವರ ಕೈಯಲ್ಲಿದ್ದರೆ ಆಗಲ್ಲ ಅಂತಲೇ ತಿಳಿಯಿರಿ. ಎಕ್ಸ್‌ಟೆನ್ಶನ್‌ಗಿಂತ ಜಾಸ್ತಿ ಸಮಯ ತಿನ್ನೋದು ಮೇಲ್. ವಿಕಿ ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಡೊಮೈನ್‌ಗೆ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳು (ಮೇಲ್ ನಿಜಕ್ಕೂ ನಿಮ್ಮ ಕಡೆಯದ್ದೇ ಅಂತ ತೋರಿಸುವಂಥವು) ಸರಿ ಇರಬೇಕು. ಮೇಲ್ ತಿದ್ದಿದವರ ವಿಳಾಸದಿಂದ ಹೋಗಬೇಕೋ, ವಿಕಿಯ ಸ್ವಂತ ವಿಳಾಸದಿಂದ ಹೋಗಬೇಕೋ ಅಂತ ಸೆಟ್ಟಿಂಗ್‌ನಲ್ಲಿ ಹೇಳಬಹುದು. ವಿಕಿಯ ವಿಳಾಸವನ್ನೇ ಆರಿಸಿ. ತಿದ್ದಿದವರ ಹೆಸರಲ್ಲಿ ಬಂದರೆ ಉತ್ತರ ಕೊಡೋಕೆ ಅನುಕೂಲ ಏನೋ ನಿಜ, ಆದರೆ ಅವರ ವಿಳಾಸ ಬೇರೆ ಡೊಮೈನ್‌ನದ್ದಾಗಿದ್ದರೆ ನಿಮ್ಮ ಸರ್ವರ್ ಅವರ ಹೆಸರಲ್ಲಿ ಸುಳ್ಳು ಮೇಲ್ ಕಳಿಸುತ್ತಿದೆ ಅಂತ ಆ ಕಡೆಯ ಸರ್ವರ್ ಅಂದುಕೊಳ್ಳುತ್ತದೆ. ಬಳಕೆದಾರರೂ ತಮ್ಮ ಖಾತೆಯಲ್ಲಿ ಈಮೇಲ್ ವಿಳಾಸ ಹಾಕಿ ದೃಢೀಕರಿಸಿರಲಿ. ದೃಢೀಕರಿಸದ ವಿಳಾಸಕ್ಕೆ ಮೀಡಿಯಾವಿಕಿ ವೀಕ್ಷಣಾಪಟ್ಟಿಯ ಮೇಲ್ ಕಳಿಸುವುದಿಲ್ಲ.

ವೀಕ್ಷಣಾಪಟ್ಟಿಯ ಮೇಲ್ ಇಟ್ಟುಕೊಳ್ಳುವವರಿಗೆ ಇನ್ನೊಂದು ಸಣ್ಣ ವಿಷಯ. ಅವು ಜಾಬ್ ಕ್ಯೂ (ವಿಕಿ ಆಮೇಲೆ ಮಾಡಬೇಕಾದ ಕೆಲಸಗಳ ಸರತಿ) ಮೂಲಕ ಹೋಗುತ್ತವೆ. ಮೂಲ ಸೆಟ್ಟಿಂಗ್‌ನಲ್ಲಿ ಯಾರಾದರೂ ವಿಕಿಯ ಪುಟ ತೆರೆದಾಗ ಮಾತ್ರ ಆ ಕ್ಯೂ ಒಂದೊಂದಾಗಿ ಮುಂದೆ ಸರಿಯುತ್ತದೆ. ಜನ ಓಡಾಡದ ಸಣ್ಣ ವಿಕಿಯಲ್ಲಿ ಶುಕ್ರವಾರ ಸಂಜೆಯ ಸುದ್ದಿ ಸೋಮವಾರ ತಲುಪೋದು ಹೀಗೆ. ಕ್ರಾನ್‌ನಲ್ಲಿ (ಸರ್ವರ್‌ನಲ್ಲಿ ಹೊತ್ತು ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಕ್ಯೂ ಓಡಿಸುವ ಸ್ಕ್ರಿಪ್ಟ್ ಹಾಕಿಬಿಡಿ, ಮುಗಿಯಿತು. ಗಡುವಿಗೆ ಇಷ್ಟು ದಿನ ಇರುವಾಗ ನೆನಪಿಸು ಅನ್ನೋ "ರಿಮೈಂಡರ್ ಅಟ್" ಗುಣಕ್ಕೂ ಕ್ರಾನ್ ಬೇಕು, ಅದರ ಸ್ಕ್ರಿಪ್ಟ್ ಎಕ್ಸ್‌ಟೆನ್ಶನ್ ಜೊತೆಗೇ ಬರುತ್ತದೆ. ಅದನ್ನು ಓಡಿಸದಿದ್ದರೆ ಪುಟದಲ್ಲಿ ಎಷ್ಟು ದಿನ ಬರೆದರೂ ಯಾರಿಗೂ ನೆನಪಿನ ಮೇಲ್ ಬರಲ್ಲ.

ಗೌಪ್ಯ ವಿಕಿ ಇಟ್ಟುಕೊಂಡವರು ಇದನ್ನೂ ಯೋಚಿಸಿ. ಪುಟದ ಬರಹ ಮೇಲ್‌ನಲ್ಲಿ ಹೊರಗೆ ಹೋಗುತ್ತಿದೆ. ವಿಕಿಯಲ್ಲಿ ಯಾರು ಓದಬಹುದು, ಯಾರು ಓದಬಾರದು ಅಂತ ನೀವು ಎಷ್ಟೇ ಬೇಲಿ ಹಾಕಿದ್ದರೂ, ಇನ್‌ಬಾಕ್ಸ್‌ಗೆ ಇಳಿದ ಮೇಲೆ ಅದು ಫಾರ್ವರ್ಡ್ ಆಗಬಹುದು, ಕಳೆದುಹೋದ ಫೋನ್‌ನಲ್ಲಿ ಉಳಿಯಬಹುದು. ಪಾಸ್‌ವರ್ಡ್, ಕೀಲಿ ಇಂಥವನ್ನು ಕೆಲಸದ ಪುಟದಲ್ಲಿ ಬರೆಯುವ ಅಭ್ಯಾಸ ಇದ್ದರೆ (ಇರಬಾರದು, ಆದರೂ ಇರುತ್ತದೆ) ಈ ಎಕ್ಸ್‌ಟೆನ್ಶನ್ ಹಾಕುವ ಮುಂಚೆ ಅದನ್ನು ಬಿಡಿಸಿ.

ಬೇರೆ ವಿಕಿಗಳಲ್ಲಿ ಇದೇ ಕೆಲಸ ಬೇರೆ ಥರ ಆಗುತ್ತದೆ. ಕಾನ್‌ಫ್ಲುಯೆನ್ಸ್‌ನಲ್ಲಿ ಪುಟದ ನಡುವೆಯೇ ಟಿಕ್ ಚೌಕದ ಕೆಲಸ ಬರೆದು, ಆ್ಯಟ್ ಚಿಹ್ನೆ ಹಾಕಿ ಹೆಸರು ಸೇರಿಸಿದರೆ ಮೊದಲು ಬಂದ ಹೆಸರಿನವರಿಗೆ ಕೆಲಸ ಸೇರುತ್ತದೆ. ಬಳಸೋಕೆ ತುಂಬ ಸಲೀಸು, ಸೆಟ್ಟಿಂಗ್ ತಲೆನೋವು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಅಲ್ಲಿ ಕೆಲಸ ಅಂದರೆ ಪುಟದೊಳಗಿನ ಒಂದು ಸಾಲು, ಇಲ್ಲಿ ಪುಟವೇ ಕೆಲಸ. ವಿವರಣೆ ಉದ್ದ ಇರುವ, ವಾರಗಟ್ಟಲೆ ಎಳೆಯುವ, ನಾಲ್ಕು ಜನ ಬಂದು ತಿದ್ದುವ ಕೆಲಸಕ್ಕೆ ನನಗೆ ಪುಟವೇ ವಾಸಿ ಅನಿಸುತ್ತದೆ. ಫಾಸ್‌ವಿಕಿಯ ಆ್ಯಕ್ಷನ್ ಟ್ರ್ಯಾಕರ್ ಪ್ಲಗಿನ್ ಕೂಡ ಹಳೆಯದು, ಯಾರು, ಯಾವಾಗೊಳಗೆ ಅಂತ ಪುಟದಲ್ಲೇ ಬರೆದರೆ ಮೇಲ್ ಕಳಿಸುತ್ತದೆ, ಆ ವಿಕಿ ಈಗಾಗಲೇ ಬಳಸುತ್ತಿದ್ದರೆ ಬೇರೆ ಕಡೆ ಹೋಗುವ ಅಗತ್ಯ ಇಲ್ಲ. ಇನ್ನು ದಿನಕ್ಕೆ ಹತ್ತಾರು ಹೊಸ ಕೆಲಸ ಹುಟ್ಟಿ, ಅವಕ್ಕೆ ಆದ್ಯತೆ, ಗಂಟೆಗಳ ಲೆಕ್ಕ, ಒಂದಕ್ಕೊಂದು ಅವಲಂಬನೆ ಎಲ್ಲ ಬೇಕು ಅಂದರೆ ವಿಕಿ ಬಿಟ್ಟು ರೆಡ್‌ಮೈನ್ ಥರದ ಯೋಜನೆ ನಿರ್ವಹಣೆಯ ತಂತ್ರಾಂಶ ನೋಡಿ. ಅದರಲ್ಲಿ ವಿಕಿಯೂ ಇದೆ, ಕೆಲಸ ವಹಿಸಿದವರಿಗೆ ಮೇಲ್ ಹೋಗೋದು ಅದರ ಹುಟ್ಟುಗುಣ.

ಅಂಕ ಕೊಡಿ ಅಂದರೆ ಐದರಲ್ಲಿ ಮೂರೂವರೆ. ಕಾದು ಒಟ್ಟಿಗೆ ಕಳಿಸುವ ಸೌಲಭ್ಯ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಹಾಕಿದ ಮೇಲೆ ಪರೀಕ್ಷೆ ಮಾಡುವಾಗ ಎರಡು ಖಾತೆ ಇಟ್ಟುಕೊಳ್ಳಿ, ಒಂದರಿಂದ ತಿದ್ದಿ ಇನ್ನೊಂದಕ್ಕೆ ಕೆಲಸ ವಹಿಸಿ. ಹೆಸರು ಸೇರಿಸಿ ಉಳಿಸಿ, ಗಡುವು ಬದಲಾಯಿಸಿ ಉಳಿಸಿ, ಚುಟುಕು ಅಂತ ಟಿಕ್ ಹಾಕಿ ಉಳಿಸಿ, ಸ್ಥಿತಿಯನ್ನು ಮುಗಿದದ್ದಕ್ಕೆ ತಂದು ಉಳಿಸಿ, ಕೊನೆಗೆ ಹೆಸರು ತೆಗೆದು ಉಳಿಸಿ. ಯಾವುದಕ್ಕೆ ಮೇಲ್ ಬಂತು, ಯಾವುದಕ್ಕೆ ಬರಲಿಲ್ಲ ಅಂತ ನಿಮ್ಮ ವಿಕಿಯ ಸಹಾಯ ಪುಟದಲ್ಲೇ ಬರೆದಿಡಿ. ಹೊಸಬರು ಕೇಳುವ ಮೊದಲ ಪ್ರಶ್ನೆ ಅದೇ.